ಹೆಚ್ಚುವರಿ ವಾರಂಟಿ: ಕೊಳ್ಳುವ ಮುನ್ನ ಒಂದಿಷ್ಟು ವಿವೇಚನೆ

ಕೆಲವು ವರ್ಷಗಳ ಹಿಂದೆ, ರಮಝಾನ್‌ಗೆ ಹದಿನೈದು ದಿನಗಳಿರುವಾಗ, ನಾವು ಕಡೂರಿನ ಅಂಗಡಿಯೊಂದರಲ್ಲಿ ಎರಡು ಬಾಗಿಲಿನ ಫ್ರಿಜ್ ಕೊಂಡೆವು. ಬೆಲೆ 26,000 ರೂಪಾಯಿ. ಬಿಲ್ ಬರೆಯುವ ವೇಳೆಗೆ ಅಲ್ಲಿದ್ದ ಯುವಕ ಇನ್ನೊಂದು ಹಾಳೆಯನ್ನು ಮುಂದಿಟ್ಟ. ಕಂಪನಿಯ ವಾರಂಟಿ ಒಂದೇ ವರ್ಷ. 2,800 ರೂಪಾಯಿ ಸೇರಿಸಿದರೆ ಇನ್ನೆರಡು ವರ್ಷ ಯಾವ ಚಿಂತೆಯೂ ಇರುವುದಿಲ್ಲ ಎಂದ. ಆತ ಒಂದು ಕಾಲದಲ್ಲಿ ನಮ್ಮ ಮದ್ರಸದಲ್ಲಿ ಕಲಿತ ಹುಡುಗ. ಆ ಮುಖ ನೋಡಿ ಸಹಿ ಹಾಕಿದೆವು. ಹಾಳೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಲಿಲ್ಲ.

ಮೂರನೆಯ ವರ್ಷದ ಬೇಸಿಗೆಯಲ್ಲಿ ಫ್ರಿಜ್ ನಿಂತುಹೋಯಿತು. ಅಜ್ಜಂಪುರದ ಕಡೆಯ ನಮ್ಮ ಊರಿಗೆ ಮೆಕ್ಯಾನಿಕ್ ಬರಲು ಒಂಬತ್ತು ದಿನ ಬೇಕಾಯಿತು. ಬಂದವರು ಹಿಂಬದಿ ಬಿಚ್ಚಿ ನೋಡಿ, ವೋಲ್ಟೇಜ್ ಏರಿಳಿತದಿಂದ ಬೋರ್ಡ್ ಸುಟ್ಟಿದೆ, ಇದು ವಾರಂಟಿಗೆ ಸೇರುವುದಿಲ್ಲ ಎಂದರು. ಆಗ ಹಾಳೆಯನ್ನು ಹುಡುಕಿ ಓದಿದೆವು. ಅವರ ಮಾತು ಸರಿಯಾಗಿತ್ತು. ಷರತ್ತು ಅಲ್ಲಿ ಬರೆದೇ ಇತ್ತು. ಕೊನೆಗೆ ತರೀಕೆರೆಯ ಒಬ್ಬ ರಿಪೇರಿಯವರು 2,600 ರೂಪಾಯಿಗೆ ಅದನ್ನು ಸರಿಪಡಿಸಿಕೊಟ್ಟರು. ವಾರಂಟಿಗೆ ತೆತ್ತ ಹಣಕ್ಕಿಂತ ಇನ್ನೂರು ರೂಪಾಯಿ ಕಡಿಮೆ!

ಇಲ್ಲಿ ನಾವು ಮೊದಲು ದೂರಬೇಕಾದುದು ನಮ್ಮನ್ನೇ. ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನ, ಅಲ್‌ಬಕರ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದದ್ದು. ಅದನ್ನು ಮಕ್ಕಳಿಗೆ ಪಾಠ ಹೇಳುವ ನಾವೇ ಬರೆದಿಟ್ಟದ್ದನ್ನು ಓದದೆ ಸಹಿ ಹಾಕಿದೆವು. ಅಜ್ಜಂಪುರವು ಅಮೃತಮಹಲ್ ತಳಿಸಂವರ್ಧನ ಕೇಂದ್ರವಿರುವ ಊರು. ಈ ಸೀಮೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ಹಿಡಿದು ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅದೇ ನಾವು ಹೊಳೆಯುವ ಅಂಗಡಿಯೊಳಗೆ ಹೋದೊಡನೆ ಕಣ್ಣು ಮುಚ್ಚಿಬಿಡುತ್ತೇವೆ.

ಹಾಗಾದರೆ ಹೆಚ್ಚುವರಿ ವಾರಂಟಿ ಕೊಳ್ಳಬೇಕೇ, ಬೇಡವೇ? ಮೊದಲು ಲೆಕ್ಕವನ್ನು ನೋಡೋಣ. ನಾವು ಕೊಡುವ ಹಣದಲ್ಲಿ ಶೇಕಡಾ 18ರ ಜಿಎಸ್‌ಟಿ ಸರಕಾರಕ್ಕೆ ಹೋಗುತ್ತದೆ. ಅಂಗಡಿಯ ಕಮಿಷನ್, ಕಂಪನಿಯ ಕಚೇರಿ ಖರ್ಚು ಮತ್ತು ಲಾಭ ಅದರಿಂದಲೇ ಬರಬೇಕು. ಉಳಿದ ಭಾಗ ಮಾತ್ರ ರಿಪೇರಿಗೆ. ಆದುದರಿಂದ ಕೊಂಡವರೆಲ್ಲರನ್ನೂ ಒಟ್ಟಾಗಿ ನೋಡಿದರೆ, ಅವರು ಕೊಟ್ಟದ್ದಕ್ಕಿಂತ ಅವರಿಗೆ ಮರಳುವುದು ಕಡಿಮೆಯೇ ಆಗಿರಬೇಕು. ಇಲ್ಲವಾದರೆ ಆ ವ್ಯಾಪಾರ ನಡೆಯುವುದೇ ಇಲ್ಲ.

ಇದರ ಮೇಲೆ ನಮ್ಮ ಸೀಮೆಯ ಸ್ಥಿತಿಯನ್ನೂ ಸೇರಿಸಿಕೊಳ್ಳಬೇಕು. ಅಡಕೆ ಮತ್ತು ತೆಂಗಿನ ತೋಟಗಳ ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ಹಳ್ಳಿಯ ಮನೆಗಳ ದೀಪ ಮಂಕಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇಲ್ಲಿ ಯಂತ್ರಗಳನ್ನು ಹೆಚ್ಚಾಗಿ ಕೆಡಿಸುವುದು ಈ ವೋಲ್ಟೇಜೇ. ಆದರೆ ಬಹಳಷ್ಟು ವಾರಂಟಿಗಳ ಷರತ್ತಿನಲ್ಲಿ ಹೊರಗಿಡುವುದೂ ಅದನ್ನೇ. ಎಂದರೆ, ಎಲ್ಲಿಂದ ಅಪಾಯ ಬರುತ್ತದೆಯೋ ಅಲ್ಲಿಗೆ ಈ ರಕ್ಷಣೆ ಮುಟ್ಟುವುದಿಲ್ಲ. ಅದೇ ಹಣದಿಂದ ಒಂದು ಒಳ್ಳೆಯ ಸ್ಟೆಬಿಲೈಸರ್ ಕೊಂಡರೆ ಯಂತ್ರ ಕೆಡುವುದೇ ಕಡಿಮೆಯಾಗುತ್ತದೆ. ಒಂಟೆಯನ್ನು ಕಟ್ಟಿ, ನಂತರ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಪ್ರವಾದಿ ಮುಹಮ್ಮದ್(ಸ)ರ ಬೋಧನೆಯನ್ನು ನಾವು ಬಲ್ಲೆವು. ನಮ್ಮ ಹಳ್ಳಿಗಳಲ್ಲಿ ಸ್ಟೆಬಿಲೈಸರ್ ಹಾಕುವುದೇ ಒಂಟೆ ಕಟ್ಟುವ ಕೆಲಸ.

ಇನ್ನು ಶರೀಅತ್‌ನ ದೃಷ್ಟಿ. ಮಾರುವಾಗಲೇ ವಸ್ತುವಿನೊಳಗೆ ಅಡಗಿದ್ದ ದೋಷಕ್ಕೆ ಮಾರಾಟಗಾರನೇ ಹೊಣೆ. ದೋಷ ಕಂಡುಬಂದರೆ ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ. ಫಿಕ್‌ಹ್ ಗ್ರಂಥಗಳು ಇದನ್ನು ಖಿಯಾರುಲ್ ಐಬ್ ಎನ್ನುತ್ತವೆ. ಬೆಲೆಯೊಳಗೇ ಸೇರಿ ಬರುವ ಕಂಪನಿಯ ವಾರಂಟಿ ಈ ನ್ಯಾಯಕ್ಕೆ ಹತ್ತಿರವಾದುದು. ಆದರೆ ಹೆಚ್ಚುವರಿ ವಾರಂಟಿಯಲ್ಲಿ ಮುಂದೆ ಕೆಡಬಹುದಾದ, ಕೆಡದೆಯೂ ಇರಬಹುದಾದ ಸಂಗತಿಗೆ ಇಂದು ಬೇರೆಯೇ ಬೆಲೆ ತೆರುತ್ತೇವೆ. ಏನು ದೊರೆಯುತ್ತದೆ, ದೊರೆಯುತ್ತದೆಯೋ ಇಲ್ಲವೋ ಎಂಬುದು ಕೊಡುವವನಿಗೂ ತಿಳಿಯದು, ಪಡೆಯುವವನಿಗೂ ತಿಳಿಯದು. ಇಂತಹ ಅನಿಶ್ಚಿತತೆಯ, ಎಂದರೆ ಗರರ್‌ನ, ವ್ಯಾಪಾರವನ್ನು ಪ್ರವಾದಿ(ಸ)ರು ನಿಷೇಧಿಸಿದ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಆದುದರಿಂದಲೇ ಸಮಕಾಲೀನ ವಿದ್ವಾಂಸರಲ್ಲಿ ಹಲವರು ಇದನ್ನು ವಿಮೆಗೆ ಸಮಾನವೆಂದು ಎಣಿಸಿ ಒಪ್ಪುವುದಿಲ್ಲ. ನಿರ್ದಿಷ್ಟ ಸೇವೆಯ ಒಪ್ಪಂದವಾಗಿದ್ದರೆ ಕೆಲವರು ಅನುಮತಿಸುತ್ತಾರೆ. ನಾವು ಫತ್ವಾ ನೀಡುವವರಲ್ಲ. ತಮ್ಮ ಊರಿನ ಉಲಮಾಗಳನ್ನು ಕೇಳಿ ತಿಳಿಯಬೇಕೆಂಬುದೇ ನಮ್ಮ ವಿನಂತಿ. ಈ ವಿಷಯದಲ್ಲಿ ಧರ್ಮದ ಎಚ್ಚರಿಕೆಯೂ ಮನೆಯ ಲೆಕ್ಕವೂ ಒಂದೇ ದಿಕ್ಕನ್ನು ತೋರುತ್ತಿವೆ ಎಂಬುದನ್ನು ಮಾತ್ರ ಗಮನಕ್ಕೆ ತರುತ್ತೇವೆ.

ಬಡವನ ಕೈಯಲ್ಲಿ ಒಮ್ಮೆಗೇ ಮೂರು ಸಾವಿರ ಎಲ್ಲಿಂದ ಬರಬೇಕು, ಅವನಿಗಾದರೂ ವಾರಂಟಿ ಬೇಡವೇ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದುದು. ನಮ್ಮ ಮನೆಯಲ್ಲಿ ಈಗ ಒಂದು ಡಬ್ಬಿಯಿದೆ. ತಿಂಗಳಿಗೆ ನೂರು ರೂಪಾಯಿ ಅದರೊಳಗೆ ಬೀಳುತ್ತದೆ, ವರ್ಷಕ್ಕೆ 1,200. ಮಿಕ್ಸಿ ಕೆಟ್ಟರೂ ಫ್ಯಾನ್ ಕೆಟ್ಟರೂ ಅದೇ ಹಣ. ಏನೂ ಕೆಡದಿದ್ದರೆ ಹಣ ನಮ್ಮದಾಗಿಯೇ ಉಳಿಯುತ್ತದೆ. ಡಬ್ಬಿ ತುಂಬುವ ಮೊದಲೇ ಕಷ್ಟ ಬಂದರೆ ಜಮಾಅತ್‌ನವರು ಕರ್ಝೆ ಹಸನಾ ನೀಡಿ ಕೈಹಿಡಿಯಬೇಕು. ಬಡ್ಡಿಯಿಲ್ಲದ ಆ ಸಾಲ ನಮ್ಮ ಹಿರಿಯರು ಬಲ್ಲ ವಾರಂಟಿ. ವಸ್ತುವನ್ನು ಕಂತಿನಲ್ಲಿ ಕೊಳ್ಳುವವರು ವಾರಂಟಿಯ ಹಣವೂ ಕಂತಿನ ಸಾಲದೊಳಗೆ ಸೇರಿದೆಯೇ ಎಂದು ನೋಡಬೇಕು. ಸೇರಿದ್ದರೆ ಅದರ ಮೇಲೂ ಬಡ್ಡಿ ಬೀಳಬಹುದು.

ನಮ್ಮ ಹಕ್ಕುಗಳನ್ನೂ ತಿಳಿದಿರೋಣ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ದೋಷಯುಕ್ತ ವಸ್ತುವಿನ ವಿರುದ್ಧ ದೂರು ನೀಡಲು ಹೆಚ್ಚುವರಿ ವಾರಂಟಿ ಕೊಂಡಿರಲೇಬೇಕೆಂಬ ನಿಯಮವಿಲ್ಲ. ನಾವು ವಾಸಿಸುವ ಜಿಲ್ಲೆಯಲ್ಲೇ, ಎಂದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ, ದೂರು ಸಲ್ಲಿಸಬಹುದು. ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷಗಳೊಳಗೆ ಸಲ್ಲಿಸಬೇಕು. 1915 ಎಂಬ ಸಹಾಯವಾಣಿಯೂ ಇದೆ. ಇವೆಲ್ಲಕ್ಕೂ ಬೇಕಾದುದು ಬಿಲ್. ಅದನ್ನು ಜೋಪಾನವಾಗಿಡಿ.

ಇಷ್ಟೆಲ್ಲ ಯೋಚಿಸಿದ ಮೇಲೂ ಕೊಳ್ಳಲು ಮನಸ್ಸು ಮಾಡುವವರು ಇರಬಹುದು. ದುಡಿಮೆಯೇ ಆ ಯಂತ್ರದ ಮೇಲೆ ನಿಂತಿದ್ದರೆ ಚಿಂತೆ ಸಹಜ. ಅಂಥವರು ಅಂಗಡಿಯಲ್ಲಿ ನಾಲ್ಕು ಮಾತು ಕೇಳಲಿ: ವಾರಂಟಿ ಯಾವ ದಿನದಿಂದ ಆರಂಭ? ವೋಲ್ಟೇಜ್‌ನಿಂದ ಕೆಟ್ಟರೆ ಸೇರುತ್ತದೆಯೇ? ಬಿಡಿಭಾಗ, ಗ್ಯಾಸ್, ಕೂಲಿ ಎಲ್ಲವೂ ಸೇರಿದೆಯೇ? ನಮ್ಮ ಊರಿಗೆ ಬಂದು ಸರಿಪಡಿಸುವವರು ಯಾರು, ಎಷ್ಟು ದಿನದೊಳಗೆ? ಉತ್ತರ ಬಾಯಿಮಾತಿನಲ್ಲಿ ಬೇಡ, ಹಾಳೆಯಲ್ಲಿ ತೋರಿಸಲಿ.

ಕೊನೆಯದಾಗಿ, ಅಂಗಡಿಯೊಳಗಿನ ನಮ್ಮ ಮಕ್ಕಳಿಗೆ ಒಂದು ಮಾತು. ಫ್ರಿಜ್ ಕೆಟ್ಟ ಆ ಬೇಸಿಗೆಯಲ್ಲಿ, ಒಂದು ಜುಮಾ ನಮಾಝಿನ ನಂತರ ಆ ಹಳೆಯ ವಿದ್ಯಾರ್ಥಿ ಸಿಕ್ಕಿದ. ವಿಷಯ ತಿಳಿದು ತಲೆ ತಗ್ಗಿಸಿದ. “ಹಜರತ್, ತಿಂಗಳಿಗೆ ಇಷ್ಟು ವಾರಂಟಿ ಮಾರಲೇಬೇಕು ಅಂತ ಟಾರ್ಗೆಟ್ ಕೊಡ್ತಾರೆ. ವೋಲ್ಟೇಜ್ ವಿಷಯ ನನಗೆ ಗೊತ್ತಿತ್ತು. ಹೇಳಿದ್ರೆ ನೀವು ತಗೋತಿರ್ಲಿಲ್ಲ,” ಎಂದ. ಅವನ ಮೇಲೆ ಸಿಟ್ಟಾಗಲು ನಮಗೆ ಸಾಧ್ಯವಾಗಲಿಲ್ಲ. ಅವನ ಸಂಬಳದಲ್ಲಿ ತಾಯಿಯ ಔಷಧಿ ಬರಬೇಕೆಂಬುದು ನಮಗೆ ತಿಳಿದಿತ್ತು.

ಆದರೂ ಅವನಿಗೆ ಪೇಟೆಯಲ್ಲಿನ ಧಾನ್ಯದ ರಾಶಿಯ ಘಟನೆಯನ್ನು ನೆನಪಿಸಿದೆವು. ಪ್ರವಾದಿ(ಸ)ರು ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಗುಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಅವರು ಕೇಳಿದರು. ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಹಾಳೆಯ ಹಿಂಬದಿಯ ಸಣ್ಣ ಅಕ್ಷರವೇ ಇಂದಿನ ಒದ್ದೆ ಧಾನ್ಯ. ಅದನ್ನು ಮೇಲಕ್ಕೆ ತಂದು ತೋರಿಸಿದರೆ ಒಂದು ಮಾರಾಟ ತಪ್ಪಬಹುದು, ಆದರೆ ಸತ್ಯ ನುಡಿದ ವ್ಯವಹಾರದಲ್ಲಿ ಬರಕತ್ ಇದೆಯೆಂಬುದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಬಂದಿರುವ ಭರವಸೆ.

ಕೊಳ್ಳುವವರು ಓದಿ ಕೊಳ್ಳಲಿ, ಮಾರುವವರು ತೋರಿಸಿ ಮಾರಲಿ. ನಮ್ಮ ಹಣವನ್ನೂ ನಮ್ಮ ಮಕ್ಕಳ ದುಡಿಮೆಯನ್ನೂ ಅಲ್ಲಾಹನು ಹಲಾಲ್ ಆಗಿರಿಸಲಿ. ಆಮೀನ್.