ಹಾಯಿಕಂಬಕ್ಕೆ ಬೋಲ್ಟು ಜಡಿದರೆ ರಿಪೇರಿ ಆಗಲಿಲ್ಲ

ಮರದ ಹಾಯಿಕಂಬ ಬಿರುಕು ಬಿಟ್ಟಿತು ಅಂದರೆ ದಕ್ಕೆಯಲ್ಲಿ ಮೊದಲು ಕೇಳುವ ಮಾತು, ‘ಎರಡು ಬೋಲ್ಟು ಜಡಿದು ಬಿಗಿ ಮಾಡಿ, ಸಾಕು.’ ಕೆಲಸ ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಆದರೆ ಇದು ರಿಪೇರಿಯಲ್ಲ, ಅಪಾಯವನ್ನು ಮುಂದೂಡುವುದು ಅಷ್ಟೇ ಅನ್ನುವುದು ನನ್ನ ಅಭಿಪ್ರಾಯ.

ಎಂಜಿನ್ ಬಂದ ಮೇಲೆ ಹಾಯಿಕಂಬದ ಮಾತು ಯಾಕೆ ಎಂದು ಕೇಳಬಹುದು. ಹಾಯಿ ಬಿಚ್ಚುವ ದೋಣಿಗಳು ಕಡಿಮೆಯಾಗಿವೆ, ನಿಜ. ಆದರೆ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮರದ ಮಂಜಿಗಳು ಇನ್ನೂ ಇವೆ. ಕಂಬ ಇರುವ ಮಂಜಿಯಲ್ಲಿ ದೀಪ, ಹಗ್ಗ, ಭಾರ ಎತ್ತುವ ರಾಟೆ ಎಲ್ಲಕ್ಕೂ ಅದೇ ಆಸರೆ. ಅದು ಮುರಿದರೆ ಬೀಳುವುದು ಕೆಳಗೆ ದುಡಿಯುವವರ ಮೇಲೆ.

ಬೋಲ್ಟಿನಿಂದ ಏನು ತೊಂದರೆ? ಕಂಬ ಗಾಳಿಗೆ, ಭಾರಕ್ಕೆ ಬಾಗುತ್ತಲೇ ಇರುತ್ತದೆ. ತೂತು ಕೊರೆದ ಕಡೆ ಮರದ ನಾರು ತುಂಡಾಗಿರುತ್ತದೆ. ಬಾಗುವಾಗ ಒತ್ತಡವೆಲ್ಲ ತೂತಿನ ಸುತ್ತ ಸೇರುತ್ತದೆ, ಮುಂದಿನ ಬಿರುಕು ಅಲ್ಲಿಂದಲೇ ಶುರು. ಮಳೆನೀರು ಅದೇ ತೂತಿಗೆ ಇಳಿದು ಮರ ಕೊಳೆಯುತ್ತದೆ. ಕಬ್ಬಿಣದ ಬೋಲ್ಟಾದರೆ ತುಕ್ಕು ಹಿಡಿದು ಉಬ್ಬಿ ಮರವನ್ನು ಒಳಗಿನಿಂದಲೇ ಸೀಳುತ್ತದೆ.

ಅಂಟಿನ ಜೋಡಣೆ ಹಾಗಲ್ಲ. ಕೆಟ್ಟ ಭಾಗ ಕತ್ತರಿಸಿ ತೆಗೆದು, ಹಳೆ ಮರಕ್ಕೂ ಹೊಸ ಮರಕ್ಕೂ ಉದ್ದನೆಯ ಓರೆ ಕೊಟ್ಟು ಅಂಟಿಸಿದರೆ ಭಾರ ಇಡೀ ಮೈಗೆ ಹಂಚಿಹೋಗುತ್ತದೆ. ದಪ್ಪದ 12 ಪಟ್ಟು ಉದ್ದ ಓರೆ ಇರಬೇಕು ಅನ್ನುವುದು ಹಾಯಿಕಂಬಕ್ಕೆ ರೂಢಿಯ ಲೆಕ್ಕ. ಅಂದರೆ 4 ಇಂಚು ದಪ್ಪದ ಕಂಬಕ್ಕೆ 4 ಅಡಿ.

ಮೇಜು, ಕಪಾಟಿಗೆ ಬಳಸುವ ಸಾಮಾನ್ಯ ಬಿಳಿ ಗಮ್ ಇಲ್ಲಿ ಬೇಡ, ನೀರು ತಾಗಿದರೆ ಅದು ಮೆತ್ತಗಾಗುತ್ತದೆ. ಎರಡು ಡಬ್ಬಿ ಬೆರೆಸುವ ಎಪಾಕ್ಸಿಯೇ ಸರಿ. ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಬೆರೆಸಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಸುರಿದರೆ ಅಂಟು ಸರಿಯಾಗಿ ಗಟ್ಟಿಯಾಗುವುದಿಲ್ಲ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟಿಸುವ ಮೊದಲು ಅಸಿಟೋನ್‌ನಿಂದ ಒರೆಸಬೇಕು. ಕ್ಲ್ಯಾಂಪನ್ನು ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಗೆ ಬಂದು ಜೋಡಣೆ ಒಣಕಲಾಗುತ್ತದೆ. ಎಪಾಕ್ಸಿಗೆ ಬಿಸಿಲು ಆಗದು, ಮೇಲೆ ಬಣ್ಣವೋ ವಾರ್ನಿಶೋ ಬೇಕೇ ಬೇಕು.

ಸ್ಕ್ರೂ ಪೂರ್ತಿ ಬೇಡವೆಂದಲ್ಲ. ಕಂಬಕ್ಕೆ ಬಳೆ, ಕೊಂಡಿ ಕೂರಿಸಲು ಬೇಕು. ಹಿತ್ತಾಳೆ ಬೇಡ, ಉಪ್ಪುನೀರಿನಲ್ಲಿ ಅದರ ಸತು ಕರಗಿ ಸ್ಕ್ರೂ ಪುಡಿಯಾಗುತ್ತದೆ. ಕಂಚು ಅಥವಾ 316 ದರ್ಜೆಯ ಸ್ಟೀಲ್ ಕೇಳಿ ತನ್ನಿ. ತಾಮ್ರ, ಕಂಚಿಗೆ ಕಬ್ಬಿಣ ತಾಗಿಸಬೇಡಿ, ಉಪ್ಪುನೀರು ಬಿದ್ದರೆ ಕಬ್ಬಿಣ ಬೇಗ ಸವೆಯುತ್ತದೆ.

‘ಅಜ್ಜನ ಕಾಲದಲ್ಲಿ ಎಪಾಕ್ಸಿ ಇತ್ತಾ?’ ಅನ್ನುವವರಿದ್ದಾರೆ. ಹಿರಿಯರು ಮೊಳೆ ಹೊಡೆದು, ಹುರಿಯಿಂದ ಹೊಲಿದು ಕಟ್ಟಿದ್ದು ದೋಣಿಯ ಮೈಯನ್ನು. ನೀರಿನಲ್ಲಿ ಹಲಗೆ ಉಬ್ಬಿ ಸಂದು ತಾನೇ ಮುಚ್ಚಿಕೊಳ್ಳುತ್ತದೆ. ಗಾಳಿಯಲ್ಲಿ ನಿಂತ ಕಂಬಕ್ಕೆ ಆ ಅನುಕೂಲ ಇಲ್ಲ. ಹಿರಿಯರ ಹಗ್ಗದ ಬುದ್ಧಿ ಮಾತ್ರ ಇಂದಿಗೂ ಬೇಕು. ನಡುಕಡಲಲ್ಲಿ ಬಿರುಕು ಬಿಟ್ಟರೆ ಸುತ್ತ ಮರದ ಪಟ್ಟಿ ಇಟ್ಟು ಹಗ್ಗ ಬಿಗಿಯಾಗಿ ಸುತ್ತಿ ದಡ ಸೇರಿ. ತೂತು ಕೊರೆಯಬೇಡಿ.

ಇನ್ನೊಂದು ನಿಜವಾದ ಕಷ್ಟ ಇದೆ. ಮಂಜಿಗಳು ಪ್ರಯಾಣ ನಿಲ್ಲಿಸಿ ರಿಪೇರಿಗೆ ಬಿಡುವು ಸಿಗುವುದು ಮಳೆಗಾಲದಲ್ಲಿ. ಮರ ಒದ್ದೆಯಾಗಿರುವುದೂ ಆಗಲೇ. ಒದ್ದೆ ಮರಕ್ಕೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ. ಆಚಾರಿ ಬೋಲ್ಟು ಹುಡುಕುವುದು ಸೋಮಾರಿತನಕ್ಕಲ್ಲ, ಒಣ ಜಾಗ ಇಲ್ಲದ್ದಕ್ಕೆ. ಹಾಗಾಗಿ ಬಂದರಿನಲ್ಲಿ ಗಾಳಿಯಾಡುವ, ಕಂಬ ಮಲಗಿಸುವಷ್ಟು ಉದ್ದದ ಒಂದು ಶೆಡ್ ಇರಲಿ. ಮಂಜಿ ಮಾಲೀಕರು ಒಟ್ಟಾಗಿ ಅದನ್ನು ಕೇಳಬೇಕು. ಅಲ್ಲಿಯವರೆಗೆ ಕಂಬದ ಕೆಲಸ ಮಳೆಗೆ ಮೊದಲೇ ಮುಗಿಸಿಕೊಳ್ಳಿ.