ಚೇತರಿಕೆಯ ವರ್ಷಕ್ಕೊಂದು ಬೋರ್ಡ್ ಪರೀಕ್ಷೆ

42ರಲ್ಲಿ 17 ಕಳೆದರೆ ಎಷ್ಟು? ಐದನೇ ತರಗತಿಯ ಹುಡುಗ 35 ಎಂದು ಬರೆಯುತ್ತಾನೆ. ಎರಡರಲ್ಲಿ ಏಳು ಹೋಗುವುದಿಲ್ಲವಲ್ಲ, ಅದಕ್ಕೇ ಏಳರಲ್ಲಿ ಎರಡು ಕಳೆದಿದ್ದಾನೆ. ಪಕ್ಕದ ಮನೆಯಿಂದ ಒಂದು ಹತ್ತನ್ನು ಸಾಲ ತರುವುದು ಕಲಿಯಬೇಕಿದ್ದ ವರ್ಷ ಕೊರೊನಾದಿಂದ ಶಾಲೆಗೆ ಬೀಗ ಬಿದ್ದಿತ್ತು. ಪರೀಕ್ಷೆಯಾದರೆ ಸೊನ್ನೆ ಹಾಕಿ ಮುಂದೆ ಹೋಗುತ್ತದೆ. ಎಲ್ಲಿ ಎಡವಿದ ಅನ್ನುವುದು ಪಕ್ಕದಲ್ಲಿ ಕೂತ ಮೇಷ್ಟ್ರಿಗಷ್ಟೇ ಕಾಣುತ್ತದೆ.

ಇದು ಸರ್ಕಾರಕ್ಕೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. 2022-23ನ್ನು ಅದೇ 'ಕಲಿಕಾ ಚೇತರಿಕೆ' ವರ್ಷವೆಂದು ಸಾರಿತ್ತು. ಬಿಟ್ಟುಹೋದ ಕಲಿಕೆಯನ್ನು ಮೊದಲು ಹಿಡಿಯಿರಿ ಎಂದು ಒಂದರಿಂದ ಒಂಬತ್ತನೇ ತರಗತಿಯವರೆಗಿನ ಮಕ್ಕಳಿಗೆ ಕಲಿಕಾ ಹಾಳೆ ಕೊಟ್ಟಿತ್ತು. ವರ್ಷ ಅರ್ಧ ದಾಟಿದ ಮೇಲೆ, ಡಿಸೆಂಬರ್‌ನಲ್ಲಿ, ಐದು ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದ ಪ್ರಶ್ನೆಪತ್ರಿಕೆಯ ಸುತ್ತೋಲೆ ಬಂತು. ಹೆಸರು 'ಮೌಲ್ಯಾಂಕನ', ಹೆದರಿಕೆ ಮಾತ್ರ ಬೋರ್ಡ್ ಪರೀಕ್ಷೆಯದೇ. 2023ರ ಮಾರ್ಚ್ 10ರಂದು ಹೈಕೋರ್ಟ್‌ನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. 15ರಂದು ವಿಭಾಗೀಯ ಪೀಠ ಪರೀಕ್ಷೆಗೆ ಒಪ್ಪಿತು. 27ರಿಂದ ಮಕ್ಕಳು ಬರೆದರು. ಮರುವರ್ಷಕ್ಕೆ ಸರ್ಕಾರ ಬದಲಾಗಿತ್ತು, ಚಾಳಿ ಬದಲಾಗಿರಲಿಲ್ಲ. 2024ರ ಏಪ್ರಿಲ್ 8ರಂದು ಮತ್ತೆ ನಡೆಸಿದ ಪರೀಕ್ಷೆಯ ಫಲಿತಾಂಶಕ್ಕೆ ಸುಪ್ರೀಂ ಕೋರ್ಟೇ ತಡೆ ಕೊಡಬೇಕಾಯಿತು.

ಯಾರನ್ನೂ ಫೇಲ್ ಮಾಡುವುದಿಲ್ಲ, ಮಕ್ಕಳ ಮಟ್ಟ ತಿಳಿಯಬೇಕಷ್ಟೇ ಎಂಬುದು ಇಲಾಖೆಯ ವಾದ. ಮಟ್ಟ ತಿಳಿದು ಆಗಲೇ ಎರಡು ವರ್ಷವಾಗಿತ್ತು! ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16 ಸಾವಿರ ಮಕ್ಕಳನ್ನು ನೋಡಿತ್ತು. ನೂರರಲ್ಲಿ 92 ಮಕ್ಕಳು ಭಾಷೆಯಲ್ಲಿ ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಸಾಮರ್ಥ್ಯ ಕಳೆದುಕೊಂಡಿದ್ದರು.

ಕಳೆದದ್ದನ್ನು ತುಂಬಿಕೊಳ್ಳುವ ಅನುಕೂಲ ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ದಾವಣಗೆರೆಗೆ ಮೆಡಿಕಲ್, ಎಂಜಿನಿಯರಿಂಗ್ ಓದಲು ಎಲ್ಲೆಲ್ಲಿಂದಲೋ ಬರುತ್ತಾರೆ. ಅದೇ ದಾವಣಗೆರೆ ತಾಲ್ಲೂಕಿನ ಕುಕ್ಕುವಾಡ ಸಕ್ಕರೆ ಕಾರ್ಖಾನೆಯ ಊರು, ಭದ್ರಾ ನಾಲೆಯ ಸೀಮೆ. ನಾಟಿ, ಕಬ್ಬು ಕಡಿಯುವ ದಿನಗಳಲ್ಲಿ ಕೂಲಿಯವರು ಬೆಳಗಾಗುತ್ತಲೇ ಗದ್ದೆಯಲ್ಲಿರಬೇಕು. ಅಂಥ ಮನೆಯ ಮಗುವಿಗೆ ಟ್ಯೂಷನ್ ಎಲ್ಲಿಂದ ಬರಬೇಕು? ಶಾಲೆಯಲ್ಲಿ ಮೇಷ್ಟ್ರು ಕೊಡುವ ಹೊತ್ತೇ ಅದಕ್ಕಿರುವ ಆಸ್ತಿ. ಅದನ್ನು ಪ್ರಶ್ನೋತ್ತರದ ಉರುಹೊಡೆತಕ್ಕೆ ತೆತ್ತರೆ 35 ಮುಂದೆಯೂ 35 ಆಗಿಯೇ ಉಳಿಯುತ್ತದೆ.

ದಾರಿ ಹುಡುಕಲು ದೂರ ಹೋಗಬೇಕಿಲ್ಲ. ರಾಜ್ಯದ್ದೇ 'ಓದು ಕರ್ನಾಟಕ' ಕಾರ್ಯಕ್ರಮದಲ್ಲಿ ನಾಲ್ಕು, ಐದನೇ ತರಗತಿಯ ಮಕ್ಕಳನ್ನು ತರಗತಿ ನೋಡಿ ಅಲ್ಲ, ಓದಲು ಬರುವ ಮಟ್ಟ ನೋಡಿ ಗುಂಪು ಮಾಡಲಾಯಿತು: ಅಕ್ಷರ ಬಲ್ಲವರು, ಪದ ಬಲ್ಲವರು, ಹೀಗೆ. ಇನ್ನೊಂದು ಕಾರ್ಯಕ್ರಮ 'ಗಣಿತ ಗಣಕ'ದಲ್ಲಿ ಶಿಕ್ಷಕರು ಮನೆಗೆ ಫೋನ್ ಮಾಡಿ ಲೆಕ್ಕ ಹೇಳಿಕೊಡುತ್ತಾರೆ. ಕೊರೊನಾ ಕಾಲದಲ್ಲಿ ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಫಲ ಕೊಟ್ಟ ಉಪಾಯವದು. ಸ್ಮಾರ್ಟ್‌ಫೋನ್ ಬೇಕಿಲ್ಲ, ಅಪ್ಪನ ಜೇಬಿನ ಫೋನು ಮನೆಗೆ ಬರುವ ಹೊತ್ತು ಗೊತ್ತಿದ್ದರೆ ಸಾಕು.

ಆದರೆ ಮೇಷ್ಟ್ರು ಕೈಗೆ ಸಿಗಬೇಕಲ್ಲ. 2025ರ ಅಕ್ಟೋಬರ್‌ನಲ್ಲಿ ಅವರು ಜಾತಿವಾರು ಸಮೀಕ್ಷೆಗೆಂದು ಮನೆಮನೆ ಸುತ್ತುತ್ತಿದ್ದರು; ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆ 18ರವರೆಗೆ ಹಿಗ್ಗಿತು. ಸಮೀಕ್ಷೆ ಬೇಡವೆಂದಲ್ಲ. ಮೂರರಿಂದ ಎಂಟನೇ ತರಗತಿಯವರೆಗೆ ದಿನಕ್ಕೊಂದು ಗಂಟೆ ಓದು-ಲೆಕ್ಕಕ್ಕೆಂದೇ ಮೀಸಲಿಟ್ಟು, ಆ ಗಂಟೆಯಲ್ಲಿ ಶಿಕ್ಷಕರನ್ನು ಬೇರೆ ಯಾವ ಕೆಲಸಕ್ಕೂ ಕರೆಯಬಾರದೆಂಬ ಸುತ್ತೋಲೆಯನ್ನೂ ಇಲಾಖೆ ಒಮ್ಮೆ ಹೊರಡಿಸಲಿ.