ಪದಕ ಬೇಕು, ಮೈದಾನ ಬೇಡ!

ಒಲಿಂಪಿಕ್ಸ್ ಬಂತೆಂದರೆ ನಮ್ಮ ಬಾಂಧವರ ಮನೆಮನೆಯಲ್ಲೂ ಒಂದೇ ಗೊಣಗಾಟ: ಇಷ್ಟು ಕೋಟಿ ಜನರಿರುವ ದೇಶಕ್ಕೆ ಇಷ್ಟೇ ಪದಕವೇ? ಹೀಗೆ ಕೇಳುವ ಹಕ್ಕು ಹೊರನಾಡಿನ ನಮ್ಮ ತಂದೆತಾಯಂದಿರಿಗೆ ಇದೆಯೇ ಎಂದು ನಾವು ನೇರವಾಗಿಯೇ ಕೇಳಬಯಸುತ್ತೇವೆ.

2018ರ ಅಕ್ಟೋಬರಿನಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಯುವ ಒಲಿಂಪಿಕ್ಸ್ ನಡೆಯಿತು. ಬಾಲಕರ ಟ್ರಿಪಲ್ ಜಂಪ್‌ನಲ್ಲಿ ತಮಿಳುನಾಡಿನ 17 ವರ್ಷದ ಪ್ರವೀಣ್ ಚಿತ್ರವೇಲ್ ಕಂಚು ಗೆದ್ದ. ಅಲ್ಲಿ ಫೈನಲ್ ಎಂಬುದೇ ಇರಲಿಲ್ಲ. ಬೇರೆ ಬೇರೆ ಎರಡು ದಿನ ಹಾರಿಸಿ, ಎರಡೂ ದಿನಗಳ ಉತ್ತಮ ಜಿಗಿತವನ್ನು ಕೂಡಿಸುವ ಕ್ರಮ. ಮೊದಲ ದಿನ 15.84 ಮೀಟರ್ ಹಾರಿದ್ದ ಹುಡುಗ, ಎರಡನೆಯ ದಿನ 15.68 ಹಾರಿ, ಒಟ್ಟು 31.52ರಿಂದ ಮೂರನೆಯ ಸ್ಥಾನ ಪಡೆದ. ಚಿನ್ನ ಗೆದ್ದ ಕ್ಯೂಬಾದ ಜೋರ್ಡನ್ ಡಿಯಾಜ್‌ನ ಮೊತ್ತ 34.18.

ಅಷ್ಟು ಅಂತರವಿದ್ದ ಮೇಲೆ ಆ ಕಂಚಿಗೇನು ಬೆಲೆ ಎಂದು ಮೂಗು ಮುರಿಯುವ ಪಂಡಿತರು ನಮ್ಮಲ್ಲಿ ಉಂಟು. ಅವರು ಮುಂದಿನ ಲೆಕ್ಕವನ್ನೂ ನೋಡಲಿ. ಅದೇ ಪ್ರವೀಣ್ 2023ರಲ್ಲಿ ಹವಾನಾದಲ್ಲಿ 17.37 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದ. ಐದು ವರ್ಷ ತುಂಬುವ ಮೊದಲೇ ಒಂದೂವರೆ ಮೀಟರಿನ ಏರಿಕೆ! 2022ರಲ್ಲಿ ಕೊಲಂಬಿಯಾದ ಕಾಲಿಯಲ್ಲಿ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಸೆಲ್ವ ಪ್ರಭು 16.15 ಮೀಟರ್ ಹಾರಿ ಬೆಳ್ಳಿ ತಂದ, ಅವನೂ ತಮಿಳುನಾಡಿನವನೇ.

ಹದಿನೇಳರಿಂದ ಇಪ್ಪತ್ತೊಂದರವರೆಗಿನ ಈ ವರ್ಷಗಳಲ್ಲಿ ನಮ್ಮ ಹುಡುಗರು ಎಲ್ಲಿರುತ್ತಾರೆ? ಕೋಚಿಂಗ್ ಕ್ಲಾಸಿನಲ್ಲಿ. ಒಂಬತ್ತನೆಯ ತರಗತಿಯವರೆಗೆ ಮಗ ತಂದ ಕಪ್ಪನ್ನು ಶೋಕೇಸಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುವುದು. ಹತ್ತಕ್ಕೆ ಕಾಲಿಟ್ಟೊಡನೆ ಅವನ ಬೂಟು ಅಟ್ಟಕ್ಕೆ! ಓಡಿ ಬಂದು ಹಾರಿ, ಹಾರಿದ ಕಾಲಿನ ಮೇಲೆಯೇ ಇಳಿದು, ಮತ್ತೊಂದು ಕಾಲಿಗೆ ಹೆಜ್ಜೆ ಬದಲಿಸಿ, ಅಲ್ಲಿಂದ ಮರಳಿಗೆ ಜಿಗಿಯುವ ಈ ವಿದ್ಯೆ ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದು ಬರುವಂಥದಲ್ಲ. ಕಣಕಾಲು, ಮಂಡಿ ಬಲಿಯುವುದಕ್ಕೇ ವರ್ಷಗಳು ಬೇಕು.

ಮಹಾನಗರದ ಇಕ್ಕಟ್ಟಿನಲ್ಲಿ ಮೈದಾನವೆಲ್ಲಿ ಎನ್ನುವವರ ಮಾತನ್ನು ಅರ್ಧ ಒಪ್ಪೋಣ. ಆದರೆ ಊರಿನಲ್ಲಿ? ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2003 ಮತ್ತು 2005ರಲ್ಲಿ ಬೆಳ್ಳಿ ಗೆದ್ದಿದ್ದ ಕ್ಯೂಬಾದ ಯೋಆಂಡ್ರಿ ಬೆಟಾನ್ಸೋಸ್ ಅವರ ಕೈಯಲ್ಲಿ ಪ್ರವೀಣ್ ಪಳಗಿದ್ದು ನಮ್ಮ ಬಳ್ಳಾರಿ ಜಿಲ್ಲೆಯ ವಿಜಯನಗರದ ಕ್ರೀಡಾ ಸಂಸ್ಥೆಯಲ್ಲಿ. ತಮಿಳರ ಹುಡುಗ ಬಳ್ಳಾರಿಯ ಬಿಸಿಲಿಗೆ ಬಂದ. ನಮ್ಮ ಮಕ್ಕಳು ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಹೊರಟರೂ ಕೈಯಲ್ಲಿ ಪ್ರಶ್ನೆಪತ್ರಿಕೆಗಳ ಕಟ್ಟು!

ಸಂಘದ ಕಾರ್ಯಕಾರಿ ಸಮಿತಿಗೂ ಒಂದು ಮಾತು. ನಿಂಬೆಹಣ್ಣು-ಚಮಚ, ಸಂಗೀತ ಕುರ್ಚಿ, ಅಧ್ಯಕ್ಷರ ಭಾಷಣ, ಉಪ್ಪಿಟ್ಟು, ಇಷ್ಟಕ್ಕೇ ಕ್ರೀಡೋತ್ಸವವೆಂದು ಹೆಸರಿಡುವುದು ಸಾಕು. ಬರುವ ವರ್ಷ ಮರಳುಗುಂಡಿಯಿರುವ ಒಂದು ಶಾಲೆಯ ಮೈದಾನವನ್ನು ಎರಡು ಭಾನುವಾರ ಗೊತ್ತುಮಾಡಿ, 15ರಿಂದ 18ರ ಹುಡುಗ ಹುಡುಗಿಯರಿಗೆ ಬ್ಯೂನಸ್ ಐರಿಸ್‌ನ ಕ್ರಮದಲ್ಲೇ ಟ್ರಿಪಲ್ ಜಂಪ್ ಏರ್ಪಡಿಸಲಿ. ಅಳತೆಯ ಟೇಪು ಹಿಡಿಯಲು ನಾವು ಬರುತ್ತೇವೆ.